ಗೌಡ್ತಿಯ ಗೋಬರ್ ಗ್ಯಾಸ್

ಎಂಬತ್ತಾರರ ಬೇಸಿಗೆ. ಮಸ್ಕಿ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಪಕ್ಕವೇ ಒಬ್ಬ ಗೌಡ್ತಿ, ತನ್ನ ಮನೆ ಕೆಲಸದ ಕರೆಮ್ಮನನ್ನು ಅಡ್ಡಗಟ್ಟಿದಳು.

“ದನದ ಮನಿ ಬಳಿಯಾಕ ಯಾಕ ಬರವಲ್ಲಿ ನೀ?”

“ಬಳದಾಕಿಗೇ ಸಗಣಿ ಅಂತ ನಮ್ಮತ್ತಿ ಕಾಲದಿಂದ ಐತ್ರಿ ಅವ್ವಾರ. ಈಗ ಒಲಿಗೆ ಒಂದು ಕುಳ್ಳು ತಟ್ಟಾಕೂ ಸಗಣಿ ಬಿಡವಲ್ರಿ.”

“ಗೋಬರ್ ಗ್ಯಾಸ್ ಕಟ್ಟಿಸೀವಲ್ಲ, ಇದ್ದ ಸಗಣಿ ಅದಕ್ಕ ಸಾಲವಲ್ದು. ಕಟ್ಟಿಗಿ ಉಳಿಸ್ರಿ ಅಂತ ಸರಕಾರನ ಸಬ್ಸಿಡಿ ಕೊಟ್ಟೈತಿ.”

“ನಿಮ್ಮ ಕಟ್ಟಿಗಿ ಉಳೀತು. ನಾ ಒಲಿ ಹಚ್ಚಾಕ ದಿನಾ ಜಾಲಿ ಕಡಿಯಾಕತ್ತೀನಿ.”

“ಬಾಯಿ ಭಾಳ ಆತು ನಿಂದು. ನಾಳಿಂದ ಬಂದು ಗುಂಡಿಗೆ ಸಗಣಿ ಕಲಸಿ ಹಾಕು.”

“ಉರಿ ನಿಮಗ, ಸಗಣಿ ಕೈ ನನಗ? ನೀವ ಕಲಸ್ರಿ.”

ಲಿಂಗಸುಗೂರು ಬಸ್ಸು ಬಂತು. ಬಳೆ ತುಂಬಿದ ತನ್ನ ಕೈಗಳನ್ನೊಮ್ಮೆ ನೋಡಿಕೊಂಡು ಗೌಡ್ತಿ ಹತ್ತಿದಳು. ಕರೆಮ್ಮ ಮುಂದಿನ ಬಸ್ಸಿಗೆ ಕಾಯುತ್ತ ಕೂತಳು.