ಫಾರಂನಲ್ಲಿ ಇಲ್ಲದ ಪ್ರಶ್ನೆ

ವೇದಿಕೆಯ ಮೇಲಿರುವ ಮಾನ್ಯ ಅಧ್ಯಕ್ಷರೇ, ದೂರದಿಂದ ದಯಮಾಡಿಸಿದ ಮುಖ್ಯ ಅತಿಥಿಗಳೇ, ಮೂವತ್ತೊಂದು ವರ್ಷ ನನ್ನ ಕೈಬರಹವನ್ನು ಸಹಿಸಿಕೊಂಡ ಕಚೇರಿಯ ಗೆಳೆಯರೇ, ಊಟ ಯಾವಾಗ ಎಂದು ಗಡಿಯಾರ ನೋಡುತ್ತಿರುವ ಸಭಿಕರೇ,

ನಿವೃತ್ತನಾಗುವವನಿಗೆ ಶಾಲು ಹೊದಿಸಿದ್ದೀರಿ. ಹನ್ನೊಂದು ಸಾವಿರ ಮನೆಗಳ ಆಹಾರ ಸಮೀಕ್ಷೆ ಮಾಡಿದವನು ಎಂದು ಸನ್ಮಾನಪತ್ರದಲ್ಲಿ ಬರೆದಿದ್ದೀರಿ. ನಿಜ ಹೇಳಬೇಕೆಂದರೆ ನಾನು ಮಾಡಿದ್ದು ಒಂದೇ ಕೆಲಸ. ಬಾಗಿಲು ತಟ್ಟುವುದು, "ನಿನ್ನೆ ಮನೇಲಿ ಏನೇನು ತಿಂದ್ರಿ?" ಎಂದು ಕೇಳುವುದು, ಫಾರಂನ ಹನ್ನೆರಡು ಚೌಕಗಳಲ್ಲಿ ಗುರುತು ಹಾಕುವುದು. ಕಾಳಿಗೊಂದು ಚೌಕ, ಸೊಪ್ಪಿಗೊಂದು, ಮೊಟ್ಟೆಗೊಂದು, ಹಾಲಿಗೊಂದು. ಮನೆಯಲ್ಲಿ ಯಾರೊಬ್ಬರು ತಿಂದಿದ್ದರೂ ಗುರುತು. ಗುರುತು ಹೆಚ್ಚು ಬಿದ್ದರೆ ಆ ಮನೆ ಕ್ಷೇಮ. ಹೊಸಬರಿಗೆ ನಾನೇ ಪಾಠ ಹೇಳುತ್ತಿದ್ದೆ: "ಗಂಡಸರನ್ನ ಕೇಳ್ಬೇಡಿ, ಅವರಿಗೆ ತಟ್ಟೆಗೆ ಬಿದ್ದಿದ್ದಷ್ಟೇ ಗೊತ್ತು. ಒಲೆ ಮುಂದೆ ಇರೋರನ್ನ ಕೇಳಿ." ಆಗಲೂ ಎಲ್ಲರೂ ನಗುತ್ತಿದ್ದರು. ನೀವೂ ನಕ್ಕಿರಿ, ಸಂತೋಷ.

ಒಮ್ಮೆ ಒಬ್ಬ ದರ್ಜಿಯ ಮನೆಗೆ ಹೋಗಿದ್ದೆ. ಅವನ ಹೆಂಡತಿ ಪಟಪಟನೆ ಉತ್ತರ ಹೇಳಿದಳು, ಒಂಬತ್ತು ಗುರುತು ಬಿದ್ದವು. ಪೆನ್ನಿನ ಮುಚ್ಚಳ ಹಾಕುತ್ತಿದ್ದೆ. ಮೂಲೆಯಲ್ಲಿ ಕೂತು ಅಂಗಿಗೆ ಗುಂಡಿ ಹೊಲಿಯುತ್ತಿದ್ದ ಅವಳ ಅತ್ತೆ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

"ಮೊಟ್ಟೆ ನನ್ನ ಮಗ ತಿಂದ. ಹಾಲು ನಾನು ಕುಡಿದೆ. ಇವಳೇನು ತಿಂದ್ಳು ಅಂತ ಕೇಳಪ್ಪ."

"ಫಾರಂನಲ್ಲಿ ಆ ಪ್ರಶ್ನೆ ಇಲ್ಲಮ್ಮ" ಎಂದು ಹೇಳಿ ಎದ್ದು ಬಂದೆ.

ಅವತ್ತು ಮನೆಗೆ ಹೋಗಿ ನನ್ನ ಹೆಂಡತಿಯನ್ನಾದರೂ ಕೇಳಿದೆನೇ? ಇಲ್ಲ. ಬಡಿಸಿದಳು, ತಿಂದೆ, ಮಲಗಿದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅಭ್ಯಾಸಕ್ಕೆಂದು ನಮ್ಮ ಮನೆಯದೇ ಫಾರಂ ತುಂಬಿದ್ದೆ. ಹತ್ತು ಗುರುತು! ಅದನ್ನೇ ಮಾದರಿ ಎಂದು ತರಬೇತಿಯಲ್ಲಿ ವರ್ಷಗಟ್ಟಲೆ ತೋರಿಸಿದ್ದೇನೆ. ನಿಮ್ಮಲ್ಲಿ ಹಲವರು ಅದನ್ನು ನೋಡಿ ಕಲಿತವರು.

ಹೋದ ವರ್ಷ ನನ್ನ ಹೆಂಡತಿ ಬಟ್ಟೆ ಒಣಹಾಕುತ್ತಿದ್ದವಳು ಹಾಗೇ ಕುಸಿದಳು. ಮೈಯಲ್ಲಿ ರಕ್ತವೇ ಇಲ್ಲ ಎಂದರು ಡಾಕ್ಟರಮ್ಮ. ಹೀಗೇ ಬಿಟ್ಟರೆ ಜೀವಕ್ಕೆ ಅಪಾಯ ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನಿನ್ನೆ ಇವರು ಏನು ತಿಂದಿದ್ರು?" ಎಂದರು. ಹನ್ನೊಂದು ಸಾವಿರ ಮನೆಗಳಲ್ಲಿ ನಾನು ಕೇಳಿದ ಪ್ರಶ್ನೆ. ನನಗೆ ಉತ್ತರ ಗೊತ್ತಿರಲಿಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ ಎನ್ನುತ್ತಾರಲ್ಲ, ಅದು ನಾನೇ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಭಯವಾಯಿತು.

ಆವತ್ತಿನಿಂದ ದಿನಾ ಕೇಳುತ್ತೇನೆ. ದಿನಾ ಹೇಳುತ್ತಾಳೆ. ಇವತ್ತು ಬೆಳಿಗ್ಗೆ ನನ್ನ ತಟ್ಟೆಗೆ ಮೊಟ್ಟೆ ಬಂತು, ತಿಂದೆ. "ನಿಂದು?" ಎಂದೆ. "ನಂದಾಯ್ತು ರೀ, ನಾನೂ ಮೊಟ್ಟೆ ತಿಂದೆ" ಎಂದಳು. ಕೈ ತೊಳೆಯಲು ಹೋದಾಗ ನೋಡಿದೆ, ಕಸದ ಬುಟ್ಟಿಯಲ್ಲಿ ಒಂದೇ ಮೊಟ್ಟೆಯ ಸಿಪ್ಪೆ ಇತ್ತು.

ಸಭಿಕರೇ, ಒಲೆಯ ಮುಂದೆ ನಿಂತ ಎಷ್ಟು ಜನ ನನಗೆ ಇದೇ ಉತ್ತರ ಕೊಟ್ಟಿರಬೇಕು? ಅದನ್ನೆಲ್ಲ ಅಂದವಾಗಿ ಗುರುತು ಹಾಕಿ ತಂದವನಿಗೆ ಈ ಶಾಲು. ಇದನ್ನೆಲ್ಲ ಹೇಳಬೇಕೆಂದು ಬಂದವನಲ್ಲ. ಅವಳು ಮೂರನೇ ಸಾಲಿನಲ್ಲಿ ಕೂತಿದ್ದಾಳೆ, ಇಷ್ಟು ಹೊತ್ತಿಗೆ ಸಿಟ್ಟು ನೆತ್ತಿಗೇರಿರುತ್ತದೆ.

ಅಧ್ಯಕ್ಷರೇ, ನಮ್ಮ ಮನೆಯ ಆ ಮಾದರಿ ಫಾರಂ ಹರಿದುಹಾಕಿ. ಹೊಸದರಲ್ಲಿ ಒಂದು ಸಾಲು ಸೇರಿಸಿ: ಅಡಿಗೆ ಮಾಡಿದವರು ಏನು ತಿಂದರು? ಇನ್ನು, ವೇದಿಕೆಯವರಿಗೆ ಮೊದಲು ಊಟ ಎಂದು ಆಗಲೇ ಹೇಳಿದಿರಿ. ನನ್ನ ಜಾಗದಲ್ಲಿ ಅವಳನ್ನು ಕೂರಿಸಿ. ನಾನೇ ಬಡಿಸುತ್ತೇನೆ. ತಟ್ಟೆ ಖಾಲಿಯಾಗುವವರೆಗೆ ಎದುರಿಗೇ ನಿಂತಿರುತ್ತೇನೆ, ಇವತ್ತು ಕೇಳುವುದಿಲ್ಲ, ನೋಡುತ್ತೇನೆ.

ಹಸಿದುಕೊಂಡೇ ಇಷ್ಟು ಹೊತ್ತು ನನ್ನ ಮಾತು ಕೇಳಿದಿರಿ, ನಿಮ್ಮೆಲ್ಲರ ಋಣ ನನ್ನ ಮೇಲಿದೆ. ನಮಸ್ಕಾರ.