ಮದುವೆಗೆಂದೇ ಇಟ್ಟಿದ್ದ ದಪ್ಪ ಓರೆ ಅಕ್ಷರ

ಅಲ್ಲ, ಕಂಪ್ಯೂಟರಲ್ಲಿ ಒಂದು ಗುಂಡಿ ಒತ್ತಿದ್ರೆ ಅಕ್ಷರ ದಪ್ಪ ಆಗತ್ತೆ, ಇನ್ನೊಂದು ಒತ್ತಿದ್ರೆ ಓರೆ ಆಗತ್ತೆ ಅಂತೀರಲ್ಲ, ನಮಗೆ ಹಾಗಿರಲಿಲ್ಲ ಕಣ್ರೋ, ಅದಕ್ಕೆ ಬೇರೆಯೇ ಸೀಸದ ಅಚ್ಚುಮೊಳೆ, ಬೇರೆಯೇ ಪೆಟ್ಟಿಗೆ. ನಿಮ್ಮ ತಾತಂಗೆ ಲಕ್ವ ಹೊಡೆದು ಮಲಗಿದ ಮೇಲೆ ಪಾಂಡವಪುರದ ಪ್ರೆಸ್ಸು ನನ್ನ ತಲೆಗೆ ಬಂತು, ತೊಂಬತ್ತೆರಡು, ಅಲ್ಲ, ತೊಂಬತ್ತಮೂರು, ಪ್ರೆಸ್ಸಿನ ಲೆಕ್ಕದ ಪುಸ್ತಕದಲ್ಲಿ ಬರೆದಿದೆ. ಬಿ.ಎ. ಓದಿದವಳು ಕೈಯೆಲ್ಲಾ ಮಸಿ ಮಾಡ್ಕೊಂಡು ಮೊಳೆ ಜೋಡಿಸ್ತಾಳೆ ಅಂತ ಜನ ನಗೋರು. ಮೈಸೂರಿಗೆ ಆಗಲೇ ಕಂಪ್ಯೂಟರ್ ಬಂದಿತ್ತು, ಆದ್ರೂ ನಮ್ಮಲ್ಲಿಗೆ ಬರ್ತಿದ್ದೋರು ಆ ದಪ್ಪ ಓರೆ ಅಕ್ಷರಕ್ಕೇ ಬರೋರು. ಹೇಗಿತ್ತು ಗೊತ್ತಾ, ತಲೆಕಟ್ಟು ದಪ್ಪ, ಇಳಿಯೋ ಗೆರೆ ಸಣ್ಣ, ಗೆರೆ ಮುಗಿಯೋ ಕಡೆ ಪುಟ್ಟ ಹಿಮ್ಮಡಿಯಂಥ ಚಾಚು, ಎಲ್ಲಾ ಬಲಕ್ಕೆ ಬಾಗಿ, ಗಾಳಿಗೆ ಸೆರಗು ಹಾರಿದ ಹಾಗೆ. ಲಗ್ನಪತ್ರಿಕೇಲಿ ಗಂಡು ಹೆಣ್ಣಿನ ಹೆಸರಿಗೆ ಮಾತ್ರ ಅದು. ತಿಥಿ ಕಾರ್ಡಿಗೆ ನೆಟ್ಟಗಿನ ಅಕ್ಷರ. ನಾಗಮಂಗಲದಿಂದ ಶ್ರೀರಂಗಪಟ್ಟಣದವರೆಗೂ ನಾನು ಕಂಡ ಪ್ರೆಸ್ಸಲ್ಲೆಲ್ಲಾ ಅದೇ ಕಟ್ಟಳೆ.

ಒಂದಿನ ಅಕ್ಕಿಹೆಬ್ಬಾಳಿಂದ ಚಿಕ್ಕೇಗೌಡರು ಅಂತ ಒಬ್ಬರು ಬಂದ್ರು. ಹಿಂದಿನ ವರ್ಷ ದೊಡ್ಡ ಮಗಳ ಲಗ್ನಪತ್ರಿಕೆ ನನ್ನ ಕೈಲೇ ಮಾಡಿಸಿದ್ರು. ಈಗ ಚಿಕ್ಕವಳು ಮಂಜುಳನ ತಿಥಿ. ಗಂಡು ಗೊತ್ತಾಗಿತ್ತಂತೆ, ಜ್ವರ ಬಂದು ಎಂಟೇ ದಿನ. ಮೆಲ್ಲಗೆ ಅಂದ್ರು, "ಅವ್ವಾ, ಮಗೀನ ಎಸ್ರು ಆ ಮದ್ವೆ ಅಕ್ಸರದಲ್ಲಿ ಆಕ್ಬುಡಿ. ನಮ್ಮವ್ಳಿಗೆ, ಮಗೀನ ಅವ್ವಂಗೆ, ಓದಕ್ಕೆ ಬರಾಕಿಲ್ಲ, ಆದ್ರೆ ಆ ಬಾಗಿದ ಅಕ್ಸರ ಗುರ್ತಾಯ್ತದೆ. ಅಕ್ಕನ ಪತ್ರಿಕೇಲಿ ಬೆರಳಾಡಿಸ್ಕಂಡು ನೋಡವ್ಳೆ." ಆಗಲ್ಲ ಅಂದೆ. ತಿಥಿ ಕಾರ್ಡಲ್ಲಿ ಕಂಡ ಅಕ್ಷರಾನ ಆಮೇಲೆ ಯಾರು ಮದುವೆಗೆ ಕೇಳ್ತಾರೆ, ಮನೇಲಿ ಮಲಗಿದವರ ಔಷಧಿ ಅದರಿಂದಲೇ ಬರಬೇಕು. ಹೋಗಲಿ, ಒಂದೇ ಒಂದು ಪ್ರತಿ, ಯಾರಿಗೂ ತೋರಿಸಲ್ಲ, ಅವಳಿಗೆ ಮಾತ್ರ, ಅಂದ್ರು. ಅದಕ್ಕೂ ಆಗಲ್ಲ ಅಂದೆ. ಓದಿದವಳ ಜಂಬ ನೋಡಿ, ಯಾವ ಅಕ್ಷರ ಎಲ್ಲಿಗೆ ಅಂತ ಪಾಠ ಬೇರೆ ಹೇಳಿದೆ, ಮಗಳನ್ನ ಕಳ್ಕೊಂಡೋರಿಗೆ. ಅವರು ನೆಟ್ಟಗಿನ ಅಕ್ಷರದ ಕಾರ್ಡು ಟವಲ್ಲಲ್ಲಿ ಸುತ್ಕೊಂಡು ಬಸ್ಸಿಗೆ ಹೋದ್ರು.

ಎರಡು ದಿನ ನನಗೆ ಕೆಲಸ ಸಾಗಲಿಲ್ಲ. ಆಮೇಲೆ ಆ ಪೆಟ್ಟಿಗೆ ತೆಗೆದು ಮಂಜುಳನ ಹೆಸರು ಜೋಡಿಸಿದೆ, ಒಳ್ಳೆ ಕಾಗದಕ್ಕೆ ಒಂದೇ ಪ್ರತಿ ಒತ್ತಿದೆ, ಕೆ.ಆರ್. ಪೇಟೇಲಿ ಬಸ್ಸು ಬದಲಾಯಿಸಿ ತಿಥಿ ದಿವಸವೇ ಅಕ್ಕಿಹೆಬ್ಬಾಳಿಗೆ ಹೋದೆ. ಗೌಡರು ಮನೆ ಮುಂದೆಯೇ ಸಿಕ್ಕಿದ್ರು. ಕಾಗದ ನೋಡಿದ್ರು, ವಾಪಸ್ ನನ್ನ ಕೈಗೇ ಇಟ್ರು. "ಚೆಂದಾಗದೆ ಕಣವ್ವ. ಕಾರ್ಡು ತಂದ ದಿನ ನಮ್ಮವ್ಳು ಅಕ್ಸರ ಸವರಿ, ನೆಟ್ಟಗವೆ ಅಂತ ನೋಡ್ಬುಟ್ಟು, ನಮ್ಮ ಮಗೀಗೆ ಇಷ್ಟೇ ಬರ್ದಿತ್ತು ಬುಡು ಅಂತ ಸಮಾಧಾನ ಮಾಡ್ಕಂಡವ್ಳೆ. ಈಗ ಇದ ಕಂಡ್ರೆ ಇನ್ನೊಂದ್ಸಲ ಕಳ್ಕತಾಳೆ. ತಕ್ಕಂಡೋಗಿ. ಉಂಡ್ಕಂಡೋಗಿ." ಒಳಗೆ ಆ ತಾಯೀನೇ ನನ್ನ ಎಲೆಗೆ ಬಡಿಸಿದ್ರು, ಇನ್ನೂ ಒಂಚೂರು ಆಕಲಾ ಅವ್ವ ಅಂತ ಕೇಳಿದ್ರು.

ಅಷ್ಟೇ ಕಣ್ರಪ್ಪ. ಯಾರಾದ್ರೂ ಬಾಯಿಬಿಟ್ಟು ಕೇಳಿದ್ರೆ ಆಗಲೇ ಕೊಟ್ಬುಡಿ. ಹಸಿವು ಸತ್ತ ಮೇಲೆ ಎಲೆ ಹಾಕಿದ್ರೆ ಯಾರಿಗೆ ಬೇಕು.