ಅಲುಗಾಡದವರ ರೂಮು

ಬಕೆಟ್ ಹಿಡಿದು ಲಿಫ್ಟಿಗೆ ಕಾಯುತ್ತಿದ್ದ ಗುಡಿಸುವ ಅಕ್ಕನ ಕಿವಿ ನೆಟ್ಟಗಾಯಿತು. ಮುಂದೆ ನಿಂತಿದ್ದವರು ಆಫೀಸಿನ ಮ್ಯಾನೇಜರು ಮತ್ತು ಕಂಪ್ಯೂಟರ್ ವಿಭಾಗದ ಹುಡುಗಿ.

“ಮೀಟಿಂಗ್ ರೂಮ್ ಬುಕ್ ಮಾಡೋಕೆ ಸೆನ್ಸರ್ ಇರೋ ಸಾಫ್ಟ್‌ವೇರೇ ತಗೊಳ್ಳೋಣ ಸರ್. ಒಳಗೆ ಯಾರೂ ಅಲುಗಾಡದಿದ್ರೆ ಖಾಲಿ ಅಂತ ಬೇರೆಯವರಿಗೆ ಕೊಟ್ಬಿಡುತ್ತೆ.”

“ಅಲ್ಲೇ ಎಡವಟ್ಟಾಗಿದ್ದು. ನಿನ್ನೆ ಟ್ರಯಲ್‌ನಲ್ಲಿ ಖಾಲಿ ಅಂತ ತೋರಿಸ್ತು, ಹನ್ನೆರಡು ಜನ ನುಗ್ಗಿದ್ವಿ. ನೋಡಿದ್ರೆ ಡೈರೆಕ್ಟರ್ ಸಾಹೇಬ್ರು ಸೋಫಾ ಮೇಲೆ ಗೊರಕೆ ಹೊಡೀತಿದ್ದಾರೆ.”

“ಅಯ್ಯೋ. ಆಮೇಲೆ?”

“ಆಮೇಲೇನು, ಎಚ್ಚರ ಆಗ್ದಿರ್ಲಿ ಅಂತ ಪಿಸುಗುಟ್ಕೊಂಡೇ ಮೀಟಿಂಗ್ ಮಾಡಿದ್ವಿ. ಎರಡು ಗಂಟೆ ಎಳೆಯೋದು ಹತ್ತು ನಿಮಿಷಕ್ಕೆ ಮುಗೀತು.”

“ಹಾಗಾದ್ರೆ ಸೆನ್ಸರ್ ಬೇಡ ಅಂತ ಬರೀಲಾ ಸರ್?”

ಲಿಫ್ಟ್ ಬಂತು. ಮ್ಯಾನೇಜರು ಒಳಗೆ ಕಾಲಿಟ್ಟರು.

“ಸೆನ್ಸರ್ ಇರ್ಲಿ. ಸಾಹೇಬ್ರನ್ನ ಎಲ್ಲಾ ರೂಮಿಗೂ ಬುಕ್ ಮಾಡೋಕಾಗುತ್ತಾ ಕೇಳು.”